ಖುಷಿ ನೂರೈವತ್ತಕ್ಕೇ ಮುಗಿದಿತ್ತು

ಸಮಾಲೋಚನೆಗೆಂದು ನನ್ನ ಹತ್ತಿರ ಬಂದ, ದೂರದ ಸೈಕಲ್ ಸವಾರಿ ಮಾಡುವ ಒಬ್ಬರ ಕಥೆ ಇದು. ಗುರುತು ಹತ್ತುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿಸಿ, ಒಪ್ಪಿಗೆ ಪಡೆದಿದ್ದೇನೆ. ಅವರ ಹೆಸರು ಬೇಡ. ಜೊತೆಗೆ ಸೈಕಲ್ ತುಳಿಯುವ ತಮ್ಮ ಕರೆಯುವಂತೆ ಇಲ್ಲಿ ಅವರನ್ನು ‘ಅಕ್ಕ’ ಎಂದೇ ಕರೆಯುತ್ತೇನೆ.

ಅಕ್ಕನಿಗೆ ನಲವತ್ತು ದಾಟಿದೆ. ಲೆಕ್ಕಪತ್ರದ ಕೆಲಸ. ಕೆಲವು ವರ್ಷಗಳ ಹಿಂದೆ ತಮ್ಮನ ಒತ್ತಾಯಕ್ಕೆ ಸೈಕಲ್ ಹತ್ತಿದರು, ಆಮೇಲೆ ಇಳಿಯಲೇ ಇಲ್ಲ. ನನ್ನ ಹತ್ತಿರ ಬಂದಾಗ ಮಾತ್ರ ಸೈಕಲ್ ಮುಟ್ಟಿ ಎರಡು ತಿಂಗಳ ಮೇಲಾಗಿತ್ತು.

“ನನಗೆ ಡಿಪ್ರೆಶನ್ ಇರಬಹುದು ಮೇಡಂ” ಎಂದು ನೇರವಾಗಿ ಶುರು ಮಾಡಿದರು. “ಜೀವಕ್ಕಿಂತ ಜಾಸ್ತಿ ಇಷ್ಟ ಇದ್ದದ್ದು ಸೈಕಲ್. ಈಗ ಅದನ್ನು ನೋಡಿದರೆ ಹೊಟ್ಟೆ ತೊಳೆಸುತ್ತೆ. ಮೇಲೊಂದು ಬಟ್ಟೆ ಹೊದಿಸಿ ಇಟ್ಟಿದ್ದೀನಿ. ಇಷ್ಟ ಪಟ್ಟಿದ್ದೇ ಬೇಡ ಅನಿಸೋದು ಡಿಪ್ರೆಶನ್ ಲಕ್ಷಣ ಅಲ್ವಾ?”

ಒಂದು ಲಕ್ಷಣ ಹೌದು. ಹಾಗಾಗಿ ಮೊದಲು ಅದನ್ನೇ ನೋಡಿದೆವು. ಕಳೆದ ಎರಡು ವಾರಗಳಲ್ಲಿ ಹೆಚ್ಚಿನ ದಿನ ಮನಸ್ಸು ಕುಗ್ಗಿತ್ತಾ? ಯಾವ ಕೆಲಸದಲ್ಲೂ ಆಸಕ್ತಿ ಇಲ್ಲ ಅನಿಸಿತ್ತಾ? ನಿದ್ದೆ ಹೇಗಿದೆ, ಹಸಿವು ಹೇಗಿದೆ, ಬದುಕು ಸಾಕು ಅನಿಸಿದ್ದುಂಟಾ? ಇಂಥ ಪ್ರಶ್ನೆಗಳನ್ನು ನಾಚಿಕೆಯಿಲ್ಲದೆ ಕೇಳಬೇಕು, ಕೇಳಿದೆ. ನಿದ್ದೆ ಸರಿಯಾಗಿತ್ತು. ಕೆಲಸದಲ್ಲಿ ಮನಸ್ಸಿತ್ತು. ಗೆಳತಿಯರ ಜೊತೆ ನಗುತ್ತಿದ್ದರು. ಹೊಸದಾಗಿ ಈಜು ಕಲಿಯುವ ಆಸೆಯೂ ಇತ್ತು. ಬೇಡವಾಗಿದ್ದದ್ದು ಸೈಕಲ್ ಒಂದೇ. ಡಿಪ್ರೆಶನ್ ಸಾಮಾನ್ಯವಾಗಿ ಹೀಗೆ ಒಂದು ವಸ್ತುವನ್ನು ಆರಿಸಿಕೊಂಡು ಕೂರುವುದಿಲ್ಲ. ಅದು ಎಲ್ಲದರ ರುಚಿಯನ್ನೂ ಕೆಡಿಸುತ್ತದೆ. ನನ್ನ ಅನಿಸಿಕೆಯನ್ನು ಹೇಳಿದೆ. ಸ್ಥಿತಿ ಬದಲಾದರೆ ಮನೋವೈದ್ಯರನ್ನು ಕಾಣಲೇಬೇಕು ಎಂದೂ ಹೇಳಿದೆ.

ಅವರ ಮುಖದಲ್ಲಿ ಸಮಾಧಾನ ಕಾಣಲಿಲ್ಲ. ಬದಲಿಗೆ ಸಿಟ್ಟು ಬಂತು. “ಹಾಗಾದರೆ ನಾನು ಹೇಡಿ ಅಂತಾಯ್ತು.”

ಎರಡೇ ದಾರಿ ಅವರಿಗೆ ಕಾಣುತ್ತಿದ್ದದ್ದು. ಕಾಯಿಲೆ, ಇಲ್ಲವೇ ಹೇಡಿತನ. ಇದಕ್ಕೆ ಕಾರಣವಾದ ಸವಾರಿಯ ಕಥೆ ಆಗ ಹೊರಗೆ ಬಂತು.

ಬ್ರೆವೆ ಎಂದು ಕರೆಯುವ ಸವಾರಿಗಳ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಇದು ರೇಸ್ ಅಲ್ಲ. ಮೊದಲ ಸ್ಥಾನ, ಎರಡನೇ ಸ್ಥಾನ ಇಲ್ಲ. ಗೊತ್ತಾದ ದೂರವನ್ನು ಗೊತ್ತಾದ ಸಮಯದೊಳಗೆ ಮುಗಿಸಬೇಕು, ಅಷ್ಟೇ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ನಡುವೆ ಕಂಟ್ರೋಲ್‌ಗಳಿರುತ್ತವೆ. ಅಲ್ಲಿ ಕಾರ್ಡಿಗೆ ಸ್ಟಾಂಪ್ ಹಾಕಿಸಬೇಕು. ತಡವಾದರೆ ಕಂಟ್ರೋಲ್ ಮುಚ್ಚುತ್ತದೆ. ಒಂದೇ ಸೀಸನ್ನಿನಲ್ಲಿ ಈ ನಾಲ್ಕೂ ದೂರ ಮುಗಿಸಿದವರನ್ನು ಸೂಪರ್ ರ್ಯಾಂಡೊನರ್ ಅನ್ನುತ್ತಾರೆ, ಸವಾರರ ಬಾಯಲ್ಲಿ ಬರೀ ‘ಎಸ್‌ಆರ್’. ಇದಕ್ಕೆಲ್ಲ ಹಿರಿಯಣ್ಣನಂಥದ್ದು ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್. 1891ರಲ್ಲಿ ಮೊದಲ ಬಾರಿ ನಡೆಯಿತು. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುತ್ತದೆ. ಸುಮಾರು 1200 ಕಿಲೋಮೀಟರ್, 90 ಗಂಟೆ. ತಮ್ಮನ ಕನಸು ಅದು. ಆ ಸೀಸನ್ನಿನಲ್ಲಿ ಇಬ್ಬರೂ 200 ಮತ್ತು 300 ಮುಗಿಸಿದ್ದರು. ಎದುರಿಗಿದ್ದದ್ದು 400.

ಬೆಳಗ್ಗೆ ಆರಕ್ಕೆ ಹೊರಟರು. ರಾತ್ರಿ ಹತ್ತು ಗಂಟೆಗೆ 255ನೇ ಕಿಲೋಮೀಟರಿನ ಕಂಟ್ರೋಲ್ ತಲುಪಿದರು. ಅದು ಮುಚ್ಚಲು ಇನ್ನೂ ಒಂದು ಗಂಟೆ ಇತ್ತು. ಕಾಲು ನೋವಿರಲಿಲ್ಲ. ಸೈಕಲ್ ಕೆಟ್ಟಿರಲಿಲ್ಲ. ಅಕ್ಕ ಸ್ಟಾಂಪ್ ಹಾಕಿಸಿದರು, ಗೋಡೆಗೆ ಒರಗಿ ಕೂತರು, “ನಾನಿನ್ನು ತುಳಿಯಲ್ಲ” ಎಂದರು.

“ಅಕ್ಕ, ಇನ್ನು ನೂರ ನಲವತ್ತೈದು ಅಷ್ಟೇ. ಹನ್ನೊಂದು ಗಂಟೆ ಇದೆ. ಆರಾಮಾಗಿ ಆಗುತ್ತೆ” ಎಂದರು ತಮ್ಮ.

“ಆಗುತ್ತೆ ಕಣೋ. ನನಗೆ ಬೇಡ.”

ತಮ್ಮನೂ ಅಲ್ಲೇ ನಿಲ್ಲಿಸಿದರು. ಇಬ್ಬರ ಹೆಸರಿನ ಮುಂದೆಯೂ ಡಿಎನ್‌ಎಫ್, ಅಂದರೆ ‘ಮುಗಿಸಲಿಲ್ಲ’ ಎಂದು ಬಿತ್ತು. ತಮ್ಮನ ಎಸ್‌ಆರ್ ಆ ವರ್ಷಕ್ಕೆ ಹೋಯಿತು. ಗುಂಪಿನವರು ಬೆನ್ನು ತಟ್ಟಿ ಸಮಾಧಾನ ಹೇಳಿದರು. “ಮಿತಿ ಇರೋದು ಮನಸ್ಸಿನಲ್ಲಿ ಮಾತ್ರ, ಮುಂದಿನ ಸಲ ಗೆಲ್ತೀರ” ಎಂದು ಒಬ್ಬರು ಬರೆದರಂತೆ. ಅದನ್ನು ಓದಿದ ದಿನವೇ ಸೈಕಲ್ಲಿಗೆ ಬಟ್ಟೆ ಬಿತ್ತು.

ಈ ಥರದ ಮಾತು ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಮಿತಿ ಮನಸ್ಸಿನಲ್ಲಿದ್ದರೆ ಅದೇನು ಸುಳ್ಳಾಗಿಬಿಡುತ್ತದಾ? ಮನಸ್ಸಿನ ಮಿತಿಯೂ ಮಿತಿಯೇ. ಅದಿರಲಿ.

ಮುಂದಿನ ಭೇಟಿಗೆ ಒಂದು ಕೆಲಸ ಕೊಟ್ಟೆ. ದೊಡ್ಡ ಕಾಗದದ ಮೇಲೆ ಅಡ್ಡಕ್ಕೆ ಕಿಲೋಮೀಟರ್, ಉದ್ದಕ್ಕೆ ಸೊನ್ನೆಯಿಂದ ಹತ್ತರವರೆಗೆ ಖುಷಿ. ಆ ದಿನದ ಗೆರೆ ಎಳೆಯಿರಿ ಎಂದೆ. ಲೆಕ್ಕದವರಲ್ಲವೇ, ಸ್ಕೇಲ್ ಹಿಡಿದೇ ಮಾಡಿಕೊಂಡು ಬಂದರು. ಬೆಳಗಿನ ಅರವತ್ತು ಕಿಲೋಮೀಟರ್ ಒಂಬತ್ತು, ಹತ್ತು. ನೂರ ಹತ್ತರ ತನಕ ಏಳು, ಎಂಟು. ಅಲ್ಲಿಂದ ಏರಿಳಿತ. ನೂರೈವತ್ತಕ್ಕೆ ಎರಡು. ಅದಾದ ಮೇಲೆ ಗೆರೆ ನೆಲ ಬಿಟ್ಟು ಮೇಲೇಳಲೇ ಇಲ್ಲ.

“ನೂರೈವತ್ತಕ್ಕೆ ಎಷ್ಟು ಹೊತ್ತಾಗಿತ್ತು?”

“ಮಧ್ಯಾಹ್ನ ಎರಡು.”

“ನಿಂತದ್ದು?”

“ರಾತ್ರಿ ಹತ್ತು.” ಸ್ವಲ್ಪ ಹೊತ್ತು ಕಾಗದ ನೋಡಿದರು. “ಎಂಟು ಗಂಟೆ ಸುಮ್ನೆ ತುಳಿದಿದ್ದೀನಿ.”

ನನಗೂ ಆಶ್ಚರ್ಯವಾದದ್ದು ಅದೇ. ಅವರು 255ರಲ್ಲಿ ಕೈಬಿಟ್ಟರು ಎಂದು ಎಲ್ಲರೂ ಮಾತಾಡುತ್ತಿದ್ದರು, ಅವರನ್ನೂ ಸೇರಿಸಿ. ಖುಷಿ ಮುಗಿದ ಮೇಲೂ ನೂರಕ್ಕೂ ಹೆಚ್ಚು ಕಿಲೋಮೀಟರ್ ತುಳಿದದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೇಡಿತನದ ವಾದ ಅಲ್ಲೇ ಅರ್ಧ ಬಿದ್ದುಹೋಯಿತು.

ಆದರೆ ಗೆರೆ ಯಾಕೆ ಬಿತ್ತು ಎಂದು ತಿಳಿಯದೆ ಮುಂದೆ ಹೋಗುವ ಹಾಗಿರಲಿಲ್ಲ. ದೇಹದ ಪಾಲು ಎಷ್ಟು, ಮನಸ್ಸಿನ ಪಾಲು ಎಷ್ಟು ಎಂದು ಬಿಡಿಸಬೇಕು. ದೂರದ ಸವಾರಿಯಲ್ಲಿ ಇವೆರಡೂ ಒಂದೇ ದನಿಯಲ್ಲಿ ಮಾತಾಡುತ್ತವೆ. ಹೊಟ್ಟೆ ಖಾಲಿಯಾದಾಗ “ಬದುಕೇ ವ್ಯರ್ಥ” ಅನಿಸುವುದು ಸವಾರರಿಗೆಲ್ಲ ಗೊತ್ತು. ತಿಂದು ಅರ್ಧ ಗಂಟೆ ಕಳೆದರೆ ಅದೇ ಬದುಕು ಚೆನ್ನಾಗಿ ಕಾಣುತ್ತದೆ.

ಹಾಗಾಗಿ ಒಂದೊಂದೇ ಕೇಳಿದೆ. ನೂರ ಹತ್ತರ ಕಂಟ್ರೋಲ್ ಆದ ಮೇಲೆ ಏನು ತಿಂದಿರಿ? ಬಿಸಿಲಿಗೆ ವಾಕರಿಕೆ ಬಂದು ಏನೂ ಸೇರಿರಲಿಲ್ಲ. ಬರೀ ನೀರು ಕುಡಿದಿದ್ದರು. ದೇಹದಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಸುಮಾರು 2000 ಕ್ಯಾಲೊರಿಯಷ್ಟು. ಇಡೀ ದಿನದ ಸವಾರಿಗೆ ಅದು ಯಾವ ಮೂಲೆಗೂ ಸಾಲದು. ಅದಕ್ಕೇ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಹೊಟ್ಟೆಗೆ ಹೋಗುತ್ತಲೇ ಇರಬೇಕು ಎನ್ನುತ್ತಾರೆ, ರೂಢಿ ಇದ್ದವರು 90ರ ತನಕ ಹೋಗುತ್ತಾರೆ. ಬಿಸಿಲಲ್ಲಿ ಬೆವರಿನ ಜೊತೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಹೊಟ್ಟೆ ತುಂಬ ಕುಡಿಯುತ್ತಿದ್ದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವೂ ಆಗಬಹುದು. ಅಕ್ಕ ಮಧ್ಯಾಹ್ನದಿಂದ ಖಾಲಿ ಟ್ಯಾಂಕಿನಲ್ಲೇ ಓಡಿಸಿದ್ದರು.

ಕೈ? ಕಿರುಬೆರಳು, ಉಂಗುರ ಬೆರಳು ಎರಡೂ ಜೋಮು. ಹ್ಯಾಂಡಲ್ ಮೇಲೆ ಅಂಗೈ ಊರಿ ಊರಿ ಮಣಿಕಟ್ಟಿನಲ್ಲಿ ಹಾದುಹೋಗುವ ಅಲ್ನಾರ್ ನರ ಒತ್ತಿಕೊಂಡರೆ ಹೀಗಾಗುತ್ತದೆ. ಸವಾರಿ ಮುಗಿದು ವಾರಗಳಾದರೂ ಜೋಮು ಪೂರ್ತಿ ಹೋಗಿರಲಿಲ್ಲ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ! ಅದು ನನ್ನ ಕೆಲಸವಲ್ಲ, ತಡಮಾಡದೆ ಡಾಕ್ಟರಿಗೆ ತೋರಿಸಿ ಎಂದೆ.

ಇನ್ನು ನಿದ್ದೆ. ಆರಕ್ಕೆ ಹೊರಡಲು ಮೂರೂವರೆಗೆ ಎದ್ದಿದ್ದರು. ರಾತ್ರಿ ಹತ್ತಕ್ಕೆ ಎಚ್ಚರವಿದ್ದು ಹದಿನೆಂಟೂವರೆ ಗಂಟೆ. ಆಸ್ಟ್ರೇಲಿಯಾದಲ್ಲಿ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಹದಿನೇಳು ಗಂಟೆ ನಿದ್ದೆಯಿಲ್ಲದೆ ಇದ್ದವರ ಕೈ–ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಆಲ್ಕೋಹಾಲ್ ಇದ್ದವರ ಮಟ್ಟಕ್ಕೆ ಇಳಿದಿತ್ತು. ಅಂದರೆ ಅಕ್ಕ “ನನಗೆ ಬೇಡ” ಎಂದದ್ದು ಹತ್ತಿರಹತ್ತಿರ ಅಮಲಿನ ಸ್ಥಿತಿಯಲ್ಲಿ. ಹಾಗಂತ ಆ ಮಾತಿಗೆ ಬೆಲೆ ಇಲ್ಲ ಎಂದಲ್ಲ. ಅಂಥ ಸ್ಥಿತಿಯಲ್ಲಿ ಕತ್ತಲ ದಾರಿಗೆ ಇಳಿಯದೆ, ಬೆಳಕಿದ್ದು ಜನ ಇದ್ದ ಕಂಟ್ರೋಲಿನಲ್ಲಿ ನಿಂತದ್ದು ಆ ದಿನದ ಅತ್ಯಂತ ಬುದ್ಧಿವಂತ ಕೆಲಸ.

“ಅಂದರೆ ಸರಿಯಾಗಿ ತಿಂದು, ಮಲಗಿ ಎದ್ದಿದ್ದರೆ 400 ಮುಗಿಸ್ತಿದ್ದೆ” ಎಂದರು. ಕಣ್ಣಲ್ಲಿ ಹೊಳಪು. ಮೂರನೇ ದಾರಿ ಸಿಕ್ಕಿತ್ತು. ಕಾಯಿಲೆಯೂ ಅಲ್ಲ, ಹೇಡಿತನವೂ ಅಲ್ಲ, ತಯಾರಿ ಸಾಲಲಿಲ್ಲ.

ಇಲ್ಲಿಗೇ ಮುಗಿಸಿದ್ದರೆ ಇಬ್ಬರಿಗೂ ಸುಲಭವಿತ್ತು. ಅವರು ಖುಷಿಯಾಗಿ ಹೋಗುತ್ತಿದ್ದರು, ಮುಂದಿನ 400ಕ್ಕೆ ಹೆಸರು ಕೊಡುತ್ತಿದ್ದರು. ಆದರೆ ಮುಗಿಸುವುದು ಬೇರೆ, ಖುಷಿಯಾಗಿರುವುದು ಬೇರೆ. ಅವರು ಬಂದದ್ದು ಎರಡನೆಯದರ ದೂರು ಹೊತ್ತು. ಹಾಗಾಗಿ ಇನ್ನೊಂದು ಕಾಗದ ಕೊಟ್ಟೆ. ಎಲ್ಲವೂ ಸರಿಯಿದ್ದ ಸವಾರಿಗಳ ಗೆರೆ ಎಳೆಯಿರಿ ಎಂದೆ. ಚೆನ್ನಾಗಿ ತಿಂದ, ಕೈ ನೋಯದ, ಹಗಲಲ್ಲೇ ಮುಗಿದ 200ಗಳು.

ಅವರು ಎಳೆದ ಗೆರೆಗಳೆಲ್ಲ ನೂರೈವತ್ತರ ಆಸುಪಾಸಿನಲ್ಲೇ ಬಾಗುತ್ತಿದ್ದವು. ನೆಲಕ್ಕೆ ಬೀಳುತ್ತಿರಲಿಲ್ಲ, ನಾಲ್ಕು, ಐದರಲ್ಲಿ ಮಲಗಿಕೊಳ್ಳುತ್ತಿದ್ದವು. “ಕೊನೆಯ ಐವತ್ತು ಯಾವತ್ತೂ ಬರೀ ಎಣಿಸೋದೇ” ಎಂದರು. “ಅದನ್ನು ನಾನು ಪ್ರಾಕ್ಟೀಸ್ ಅಂದ್ಕೊಂಡಿದ್ದೆ.”

“300?”

“ಅಯ್ಯೋ, 300 ಸೂಪರ್ ಆಗಿತ್ತು ಮೇಡಂ. ಅದಕ್ಕೇ 400ಕ್ಕೆ ಧೈರ್ಯ ಮಾಡಿದ್ದು.”

ಆ ದಿನ ಸವಾರಿಯ ನಡುವೆ ಯಾರಿಗಾದರೂ ಮೆಸೇಜ್ ಕಳಿಸಿದ್ದರಾ ಎಂದು ಕೇಳಿದೆ. ಫೋನ್ ತೆಗೆದು ಹುಡುಕಿದರು. ಗೆಳತಿಗೆ ಸಂಜೆ ಆರೂವರೆಗೆ ಕಳಿಸಿದ್ದು ಸಿಕ್ಕಿತು. “ಇನ್ನು ಯಾವತ್ತೂ ಇದಕ್ಕೆ ಬರಲ್ಲ. ನೆನಪಿಸು.” ರಾತ್ರಿ ಒಂಬತ್ತಕ್ಕೆ ಇನ್ನೊಂದು, “ಯಾಕಾದ್ರೂ ಬಂದ್ನೋ.” ಓದಿ ಜೋರಾಗಿ ನಕ್ಕರು. ಎರಡನ್ನೂ ಪೂರ್ತಿ ಮರೆತಿದ್ದರು. ನೆನಪಿದ್ದದ್ದು ಕೊನೆಯ ಇಪ್ಪತ್ತು ಕಿಲೋಮೀಟರ್. ಇಳಿಜಾರು, ಖಾಲಿ ರಸ್ತೆ, ಪಕ್ಕದಲ್ಲಿ ತಮ್ಮ, ತಲುಪಿದಾಗ ಚಪ್ಪಾಳೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಳೆದುಹೋದ ಅನುಭವವನ್ನು ಅಳೆಯುವಾಗ ನಾವು ಅದರ ಪ್ರತಿ ನಿಮಿಷವನ್ನೂ ಕೂಡಿಸಿ ಲೆಕ್ಕ ಹಾಕುವುದಿಲ್ಲ. ತೀವ್ರವಾಗಿದ್ದ ಗಳಿಗೆ ಮತ್ತು ಕೊನೆ, ಇವೆರಡನ್ನೇ ಹೆಚ್ಚಾಗಿ ಹಿಡಿದುಕೊಳ್ಳುತ್ತೇವೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಜನ ಒಂದು ಸಲ 60 ಸೆಕೆಂಡ್ 14 ಡಿಗ್ರಿಯ ಕೊರೆಯುವ ನೀರಿನಲ್ಲಿ ಕೈ ಇಟ್ಟರು. ಇನ್ನೊಂದು ಸಲ ಅದೇ 60 ಸೆಕೆಂಡ್, ಅದರ ಮೇಲೆ ಇನ್ನೂ 30 ಸೆಕೆಂಡ್. ಆ ಹೊತ್ತಿನಲ್ಲಿ ನೀರನ್ನು ನಿಧಾನವಾಗಿ 15 ಡಿಗ್ರಿಗೆ ಏರಿಸಿದರು. ಎರಡರಲ್ಲಿ ಯಾವುದನ್ನು ಮತ್ತೆ ಮಾಡುತ್ತೀರಿ ಎಂದಾಗ ಹೆಚ್ಚಿನವರು ಆರಿಸಿದ್ದು ಉದ್ದದ್ದನ್ನು! ಒಟ್ಟು ನೋವು ಜಾಸ್ತಿ ಇದ್ದದ್ದು ಅದರಲ್ಲೇ. ಕೊನೆ ಸ್ವಲ್ಪ ಹಿತವಾಗಿತ್ತು, ಅಷ್ಟೇ.

ಅಕ್ಕನ 300 ಆ ಉದ್ದದ ಸರದಿಯ ಹಾಗೆ. ಕೊನೆ ಚೆನ್ನಾಗಿ ಬಂತು, ಇಡೀ ದಿನ ಚೆನ್ನಾಗಿತ್ತು ಎಂದು ಮನಸ್ಸು ಬರೆದಿಟ್ಟುಕೊಂಡಿತು. 400ರಲ್ಲಿ ಕೊನೆಯೇ ಕೆಟ್ಟಿತು. ಬೆಳಗಿನ ಅರವತ್ತು ಕಿಲೋಮೀಟರಿನ ಹತ್ತಕ್ಕೆ ಹತ್ತು ಖುಷಿಯನ್ನೂ ಅದು ಒರೆಸಿಹಾಕಿತು. ಸೈಕಲ್ಲಿಗೆ ಬಟ್ಟೆ ಬಿದ್ದದ್ದು ಅದಕ್ಕೇ ಎಂದು ನನ್ನ ಅಂದಾಜು.

ದೂರದ ಸವಾರರಲ್ಲಿ ಒಂದು ಮಾತಿದೆ. ಮಾಡುವಾಗಲೇ ಖುಷಿ ಕೊಡುವುದು ಮೊದಲನೇ ಬಗೆಯ ಮಜಾ, ಮಾಡುವಾಗ ಸಂಕಟ, ಮುಗಿದ ಮೇಲೆ ಖುಷಿ ಕೊಡುವುದು ಎರಡನೇ ಬಗೆಯದು. ಅಕ್ಕ ಇದನ್ನು ಮುಂದಿಟ್ಟು ವಾದಿಸಿದರು. “ಎಲ್ಲರಿಗೂ ಹಾಗೇ ಅಲ್ವಾ? ಒದ್ದಾಡೋದು, ಆಮೇಲೆ ಹೇಳ್ಕೊಂಡು ನಗೋದು.” ಎಷ್ಟೋ ಜನರಿಗೆ ಹಾಗೇ, ಅದರಲ್ಲಿ ತಪ್ಪಿಲ್ಲ. ಆ ನಗುವಿಗೆ ಎಷ್ಟು ತೆರುತ್ತಿದ್ದೇವೆ ಎಂದು ಗೊತ್ತಿದ್ದರೆ ಸಾಕು. ನಾನು ಕೇಳಿದ್ದು ಇಷ್ಟೇ. ಯಾರೂ ಚಪ್ಪಾಳೆ ತಟ್ಟದಿದ್ದರೆ, ಪದಕ ಇಲ್ಲದಿದ್ದರೆ, ಯಾರಿಗೂ ಹೇಳುವ ಹಾಗಿಲ್ಲದಿದ್ದರೆ, ನೀವು ಎಷ್ಟು ದೂರ ತುಳಿಯುತ್ತೀರಿ?

ತುಂಬ ಹೊತ್ತು ಯೋಚಿಸಿ, “ನೂರ ಇಪ್ಪತ್ತು. ನೂರ ನಲವತ್ತು. ಬೆಳಗಿನ ಜಾವ ಹೊರಟರೆ” ಎಂದರು.

ಪದಕದ ಮಾತು ಸುಮ್ಮನೆ ತೆಗೆದದ್ದಲ್ಲ. 1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಸಂಶೋಧಕರು ಚಿತ್ರ ಬಿಡಿಸಲು ಇಷ್ಟವಿದ್ದ ಪುಟ್ಟ ಮಕ್ಕಳನ್ನು ಗಮನಿಸಿದರು. ಚಿತ್ರ ಬರೆದರೆ ಬಹುಮಾನದ ಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿ ಬರೆಸಿದ ಮಕ್ಕಳು, ಆಮೇಲೆ ಆಟದ ಹೊತ್ತಿನಲ್ಲಿ ತಾವಾಗಿ ಚಿತ್ರ ಬರೆಯುವುದು ಉಳಿದವರಿಗಿಂತ ಕಡಿಮೆಯಾಯಿತು. ಇಷ್ಟದ ಕೆಲಸಕ್ಕೆ ಹೊರಗಿನ ಬೆಲೆ ಕಟ್ಟಿದರೆ ಒಳಗಿನ ಇಷ್ಟ ಸವೆಯಬಹುದು. ಅಕ್ಕ ಮೊದಲ ವರ್ಷ ಎಲ್ಲೆಂದರಲ್ಲಿ ಸೈಕಲ್ ನಿಲ್ಲಿಸಿ ಹಕ್ಕಿ ನೋಡುತ್ತಿದ್ದರಂತೆ. ಬ್ರೆವೆ ಶುರುವಾದ ಮೇಲೆ ನಿಲ್ಲುವುದೆಂದರೆ ಸಮಯ ಹಾಳು. ಹಕ್ಕಿ ನೋಡುವುದನ್ನು ಯಾವಾಗ ಬಿಟ್ಟಿರಿ ಎಂದರೆ ನೆನಪಾಗಲಿಲ್ಲ.

“ಅತಿಯಾದರೆ ಅಮೃತವೂ ವಿಷ ಅಂತಾರಲ್ಲ, ಅದೇ ಇದು” ಎಂದರು ಒಮ್ಮೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಊಟ ಎಷ್ಟೇ ರುಚಿಯಾಗಿರಲಿ, ಹೊಟ್ಟೆ ತುಂಬಿದ ಮೇಲೆ ಇನ್ನೊಂದು ತುತ್ತು ಬೇಡ ಅನಿಸುತ್ತದೆ. ಅಡುಗೆ ವಿಷವಾಯಿತು ಎಂದು ಯಾರೂ ಹೇಳುವುದಿಲ್ಲ. ಮರುದಿನ ಹಸಿವಾಗುತ್ತದೆ, ಅದೇ ಅಡುಗೆ ಮತ್ತೆ ರುಚಿಸುತ್ತದೆ. ಅಕ್ಕ ತುಂಬಿದ ಹೊಟ್ಟೆಗೆ ಎಂಟು ಗಂಟೆ ತಿಂದಿದ್ದರು. ತಿನ್ನಲಾಗದ್ದಕ್ಕೆ ತನ್ನನ್ನೇ ಬೈದುಕೊಂಡಿದ್ದರು.

ಒಂದು ಭೇಟಿಗೆ ತಮ್ಮನನ್ನೂ ಕರೆಸಿದೆ. ಅಕ್ಕನಿಗೆ ಅದು ಇಷ್ಟವಿರಲಿಲ್ಲ. ತನ್ನಿಂದ ಅವನ ವರ್ಷ ಹಾಳಾಯಿತು ಎಂಬ ಮುಳ್ಳು ಬಲವಾಗಿಯೇ ಚುಚ್ಚುತ್ತಿತ್ತು. ಅದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ತಮ್ಮ ದಿನಾ ಫೋನ್ ಮಾಡುವುದು, ಅಕ್ಕ ಹವಾಮಾನದ ಬಗ್ಗೆ ಮಾತಾಡಿ ಇಡುವುದು.

ತಮ್ಮ ನೇರ ಮನುಷ್ಯ. “ಎಸ್‌ಆರ್ ಹೋಯ್ತಲ್ಲ ಅಂತ ಬೇಜಾರಾಗಿದ್ದು ನಿಜ ಅಕ್ಕ. ಸುಳ್ಳು ಯಾಕೆ ಹೇಳಲಿ. ಆದ್ರೆ ನಿನ್ನ ಮೇಲೆ ಅಲ್ಲ.”

“ಮತ್ತೆ ನೀನು ಯಾಕೆ ನಿಲ್ಲಿಸಿದೆ? ನಾನು ಹೋಗು ಅಂದೆ.”

“ನೀನು ಬಾಯಲ್ಲಿ ಹೋಗು ಅಂದೆ. ಬಿಟ್ಟು ಹೋದ್ರೆ ನಿನಗೆ ಅವಮಾನ ಆಗುತ್ತೆ ಅಂದ್ಕೊಂಡೆ.”

“ನನಗೆ ಅವಮಾನ ಆಗಿದ್ದೇ ನೀನು ನಿಂತಿದ್ದಕ್ಕೆ ಕಣೋ.”

ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ತಮ್ಮ ಇನ್ನೊಂದು ಮಾತು ಹೇಳಿದರು. 300ರಲ್ಲೂ ಸಂಜೆಯ ಹೊತ್ತಿಗೆ ಅಕ್ಕ ಮಾತು ನಿಲ್ಲಿಸಿದ್ದನ್ನು ಅವರು ಗಮನಿಸಿದ್ದರು. ಕೇಳಿದರೆ ಎಲ್ಲಿ ಬಿಟ್ಟುಬಿಡುತ್ತಾಳೋ ಎಂದು ಕೇಳಿರಲಿಲ್ಲ. ಒಬ್ಬರೇ ರಾತ್ರಿ ತುಳಿಯುವುದು ಅವರಿಗೆ ಬೇಸರ. ಅಕ್ಕ ತಮ್ಮನ ಕನಸಿಗಾಗಿ ತುಳಿಯುತ್ತಿದ್ದರು, ತಮ್ಮ ಅಕ್ಕನ ಮರ್ಯಾದೆಗಾಗಿ ನಿಂತರು. ಒಬ್ಬರನ್ನೊಬ್ಬರು ಕೇಳಿಕೊಂಡಿದ್ದರೆ ಎರಡೂ ಬೇಕಿರಲಿಲ್ಲ.

ಕೆನಡಾದ ರಾಬರ್ಟ್ ವ್ಯಾಲರಾಂಡ್ ಮತ್ತು ಸಂಗಡಿಗರು 2003ರಲ್ಲಿ ಹವ್ಯಾಸದ ಹುಚ್ಚನ್ನು ಎರಡು ಬಗೆಯಾಗಿ ಬಿಡಿಸಿದ್ದಾರೆ. ಒಂದರಲ್ಲಿ ಹವ್ಯಾಸ ನಮ್ಮ ಕೈಯಲ್ಲಿರುತ್ತದೆ, ಬದುಕಿನ ಉಳಿದ ಭಾಗದ ಜೊತೆ ಹೊಂದಿಕೊಂಡಿರುತ್ತದೆ. ಇನ್ನೊಂದರಲ್ಲಿ ನಾವು ಅದರ ಕೈಯಲ್ಲಿರುತ್ತೇವೆ, ಬಿಟ್ಟರೆ ಏನೋ ಕಳೆದುಕೊಂಡ ಹಾಗೆ. ಅಕ್ಕನದು ಮೊದಲ ಬಗೆಯಲ್ಲಿ ಹುಟ್ಟಿ ಎರಡನೆಯದಕ್ಕೆ ಜಾರುತ್ತಿತ್ತು ಎಂದು ನನಗನಿಸಿತು. 255ರಲ್ಲಿ “ಬೇಡ” ಎನ್ನಲು ಆದದ್ದರಿಂದ ಪೂರ್ತಿ ಜಾರಿರಲಿಲ್ಲ.

ನಾನು ಕೊಟ್ಟ ಸಲಹೆಗಳನ್ನು ಇಲ್ಲಿ ಬರೆಯುತ್ತೇನೆ. ಎಲ್ಲವೂ ಎಲ್ಲರಿಗೂ ಹೊಂದುವುದಿಲ್ಲ.

ಮೊದಲಿಗೆ, ಬಟ್ಟೆ ತೆಗೆಯಲು ಅವಸರ ಬೇಡ ಎಂದೆ. ಬೆರಳಿನ ಜೋಮಿಗೆ ಡಾಕ್ಟರು ಏನು ಹೇಳುತ್ತಾರೋ ಅದು ಮೊದಲು. ಅವರು ಒಪ್ಪಿದ ಮೇಲೆ ಸಣ್ಣ ಸವಾರಿಗಳು. ಅದಕ್ಕೊಂದು ಕಟ್ಟುಪಾಡು ಹಾಕಿದೆ. ಖುಷಿ ಇನ್ನೂ ಏಳು, ಎಂಟರಲ್ಲಿ ಇರುವಾಗಲೇ ನಿಲ್ಲಿಸಿ ಮನೆಗೆ ಬರಬೇಕು. ಅವರಿಗೆ ಇದು ಎಲ್ಲಕ್ಕಿಂತ ಕಷ್ಟವಾಯಿತು. “ಇನ್ನೂ ಶಕ್ತಿ ಇತ್ತು, ಸುಮ್ನೆ ವಾಪಸ್ ಬಂದೆ” ಎಂದು ಗೊಣಗಿದರು. ನನಗೆ ಬೇಕಿದ್ದದ್ದೂ ಅದೇ. ಕೊನೆ ಚೆನ್ನಾಗಿದ್ದ ಸವಾರಿಗಳು ನಾಲ್ಕಾರು ಕೂಡಲಿ, ಕೆಟ್ಟ ಕೊನೆಯ ನೆನಪಿನ ಹಿಡಿತ ಸಡಿಲವಾಗಲಿ ಎಂದು.

ಸ್ಪೀಡೋಮೀಟರ್ ತೆಗೆದಿಡಿ ಎಂದೆ. ಅದಕ್ಕೆ ಅವರು ಒಪ್ಪಲಿಲ್ಲ. ಅಂಕಿ ನೋಡುವುದೇ ಅವರಿಗೊಂದು ಮಜಾ, ವೃತ್ತಿಯ ಗುಣ. ಸರಿ, ಇರಲಿ ಎಂದೆ.

ಯಾವುದೇ ದೊಡ್ಡ ಸವಾರಿಗೆ ಹೆಸರು ಕೊಡುವ ಮುಂಚೆ ಒಂದು ಸಾಲು ಬರೆಯಬೇಕು. ಖುಷಿ ಮುಗಿದ ಮೇಲೆ ಯಾವುದಕ್ಕಾಗಿ ತುಳಿಯುತ್ತೇನೆ? ಉತ್ತರ ಏನಾದರೂ ಆಗಬಹುದು. ತಮ್ಮನ ಜೊತೆ ಒಂದು ರಾತ್ರಿ ಕಳೆಯಲು, ಎಷ್ಟು ತಾಳುತ್ತೇನೆ ಎಂದು ನೋಡಲು, ಪದಕಕ್ಕೇ ಆದರೂ ಸರಿ. ಖುಷಿಯಿಲ್ಲದೆ ತುಳಿಯುವುದು ತಪ್ಪು ಎಂದು ನಾನು ಹೇಳುವುದಿಲ್ಲ. ಬದುಕಿನ ಎಷ್ಟೋ ಒಳ್ಳೆಯ ಕೆಲಸಗಳು ಖುಷಿಯ ಆಚೆಯೇ ಇರುತ್ತವೆ. ಆದರೆ ಕಾರಣ ಗೊತ್ತಿರಬೇಕು. ಬರೆಯಲು ಏನೂ ಹೊಳೆಯದಿದ್ದರೆ ಆ ಸಲ ಹೆಸರು ಕೊಡುವುದು ಬೇಡ. ಕೊಟ್ಟ ಮೇಲೆ, ದಾರಿಯಲ್ಲಿ ನಿಲ್ಲಿಸೋಣ ಅನಿಸಿದರೆ, ಮೂಡ್ ಹೇಗೇ ಇರಲಿ, ಮೊದಲು ತಿನ್ನಬೇಕು, ಹದಿನೈದು ನಿಮಿಷ ಕಣ್ಣು ಮುಚ್ಚಬೇಕು, ಆಮೇಲೆ ನಿರ್ಧಾರ. ತಿಂದು, ಕಣ್ಣು ಮುಚ್ಚಿ ಎದ್ದ ಮೇಲೂ ಬೇಡ ಅನಿಸಿದರೆ ಆ ಬೇಡಕ್ಕೆ ಬೆಲೆ ಕೊಡಬೇಕು. ತೂಕಡಿಕೆ ಬಂದರೆ ಮಾತ್ರ ಚರ್ಚೆಯೇ ಇಲ್ಲ, ಇಳಿಯಬೇಕು. ರಾತ್ರಿಯಿಡೀ ತುಳಿದು ಮುಗಿಸಿದ ಮೇಲೆ ತಾವೇ ವಾಹನ ಓಡಿಸಿಕೊಂಡು ಮನೆಗೆ ಹೋಗುವುದೂ ಬೇಡ. ಈ ಕೊನೆಯದನ್ನು ಮಾಮೂಲಾಗಿ ಎಲ್ಲರೂ ಮರೆಯುತ್ತಾರೆ.

ಅಕ್ಕ–ತಮ್ಮನ ನಡುವೆ ಒಂದು ಕರಾರು ಆಯಿತು, ನನ್ನೆದುರಿಗೇ. ಒಬ್ಬರು ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿದರೆ ಇನ್ನೊಬ್ಬರು ಮುಂದೆ ಹೋಗಬೇಕು. ಸುರಕ್ಷಿತ ಅಂದರೆ ಬೆಳಕು, ಜನ, ಚಾರ್ಜ್ ಇರುವ ಫೋನ್, ಮನೆಗೆ ಹೋಗುವ ವ್ಯವಸ್ಥೆ. ನಾಲ್ಕರಲ್ಲಿ ಒಂದು ಇಲ್ಲದಿದ್ದರೂ ಇಬ್ಬರೂ ನಿಲ್ಲಬೇಕು. “ಹೋಗು” ಎಂದರೆ ಹೋಗು ಎಂದೇ ಅರ್ಥ, ಒಳಗೊಂದು ಹೊರಗೊಂದು ಇಲ್ಲ. ತಮ್ಮ ಅದನ್ನು ಎರಡು ಸಲ ಹೇಳಿಸಿಕೊಂಡರು.

ಆ ಸೀಸನ್ ಮುಗಿಯುವ ಹೊತ್ತಿಗೆ ಅಕ್ಕ ಒಂದು 200ಕ್ಕೆ ಹೋದರು. ಕೊನೆಯ ಐವತ್ತು ಎಂದಿನಂತೆ ಎಣಿಸಿಕೊಂಡೇ ಹೋಯಿತಂತೆ. “ಆದರೆ ಈ ಸಲ ಬೈದುಕೊಳ್ಳಲಿಲ್ಲ. ಇದು ಎಣಿಸೋ ಭಾಗ ಅಂತ ಗೊತ್ತಿತ್ತು.” ಹ್ಯಾಂಡಲ್ ಸ್ವಲ್ಪ ಎತ್ತರಿಸಿ, ಕೈ ಇಡುವ ಜಾಗ ಆಗಾಗ ಬದಲಿಸುವುದನ್ನು ಕಲಿತಿದ್ದರು. ಜೋಮು ಹೋಗಿತ್ತು. ಮುಂದಿನ 400ಕ್ಕೆ ಹೆಸರು ಕೊಟ್ಟಿಲ್ಲ. ಆ ಸಾಲು ಬರೆಯಲು ಎರಡು ಸಲ ಕೂತರಂತೆ, ಏನೂ ಬರಲಿಲ್ಲ. ಮುಂದೆ ಬರಬಹುದು, ಬರದೆಯೂ ಇರಬಹುದು. ಎರಡೂ ಆಗುತ್ತದೆ ಎಂದೆ.

ತಮ್ಮ ಈಚೆಗೆ ಫೋನ್ ಮಾಡಿದ್ದರು. ಒಬ್ಬರೇ 600ಕ್ಕೆ ಹೊರಟಿದ್ದರು. “ಮೇಡಂ, ನನ್ನದು ಎಲ್ಲಿ ಮುಗಿಯುತ್ತೆ ಅಂತ ನೋಡಬೇಕು. ಅಕ್ಕ ಗೀಚಿದ್ದ ಹಾಗೆ ನಾನೂ ಗೆರೆ ಎಳೆಯಬೇಕು ಅಂದ್ಕೊಂಡಿದ್ದೀನಿ. ಮುಗಿದ ಮೇಲೆ ಕೂತು ಬರೆದರೆ ಆಯ್ತಲ್ಲ?” ಬೇಡ, ಪ್ರತಿ ಕಂಟ್ರೋಲಿನಲ್ಲೂ ಫೋನಿನಲ್ಲಿ ಒಂದು ಅಂಕಿ ಹಾಕಿಕೊಳ್ಳಿ ಎಂದೆ. ಅದೂ ಸ್ಟಾಂಪ್ ಹಾಕಿಸುವ ಮುಂಚೆ. ಸ್ಟಾಂಪ್ ಬಿದ್ದ ಮೇಲೆ ಎಲ್ಲರದೂ ಎರಡು ಅಂಕ ಏರುತ್ತದೆ.